ಬೆಂಗಳೂರಿಗೆ ಟಿಕೆಟ್ ಆಯಿತು, ಇಳಿಯುವುದು ಎಲ್ಲಿ?



ಶಹಾಪುರ–ಸುರಪುರ ಕಡೆಯ ಸಗರನಾಡಿನ ಯಾವ ಓಣಿಗೆ ಹೋದರೂ ಬೆಂಗಳೂರಿನ ನಂಟಿರುವ ಮನೆ ಸಿಗುತ್ತದೆ. ಗೌಂಡಿ ಕೆಲಸಕ್ಕೆ ಹೋದವರು, ಕಾಲೇಜಿಗೆ ಸೇರಿದ ಮಕ್ಕಳು, ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಆಸ್ಪತ್ರೆಗಳಿಗೆ ಓಡಾಡುವವರು, ಎಲ್ಲರೂ ಇದ್ದಾರೆ. ಇವರೆಲ್ಲ ರೈಲಿನಲ್ಲಿ ಹೊರಟರೆ ಕೇಳಬೇಕಾದ ಪ್ರಶ್ನೆ ಒಂದಿದೆ: ಬೆಂಗಳೂರೆಂದರೆ ಯಾವ ಬೆಂಗಳೂರು? ಕೋಟೆಗೆ ಹಲವು ಅಗಸಿಗಳಿದ್ದಂತೆ ಆ ನಗರಕ್ಕೆ ರೈಲಿನ ಬಾಗಿಲುಗಳು ಹಲವು. ಬಾಗಿಲು ತಪ್ಪಿದರೆ ಅರ್ಧ ದಿನದ ಅಲೆದಾಟ, ಮೇಲೆ ಆಟೊ ಖರ್ಚು.

ಮೊದಲು ನಮ್ಮ ಕಡೆಯ ಬಾಗಿಲು ನೋಡೋಣ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಎರಡೂ ತಾಲ್ಲೂಕಿನವರು ಬಸ್ಸಿನಲ್ಲಿ ಯಾದಗಿರಿಗೆ ಬಂದು ಗಾಡಿ ಹತ್ತಬೇಕು. ಕೃಷ್ಣಾ ದಂಡೆಯ ಊರಿನವರಿಗೆ ತಿಂಥಣಿ ಸೇತುವೆ ದಾಟಿ ರಾಯಚೂರಿಗೆ ಹೋಗುವುದೂ ಒಂದು ದಾರಿ. ಯಾದಗಿರಿಯಲ್ಲಿ ನಿಲ್ಲದ ಕೆಲವು ಗಾಡಿಗಳು ರಾಯಚೂರಿನಲ್ಲೋ ವಾಡಿಯಲ್ಲೋ ನಿಲ್ಲುತ್ತವೆ. ಹಾಗಾಗಿ ಗಾಡಿಯ ಹೆಸರು ಕೇಳಿದರೆ ಸಾಲದು, ಅದು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತದೆಯೇ ಎಂದೂ ಕೇಳಬೇಕು.

ಯಾದಗಿರಿಯ ಮೇಲೆ ಹಾದಿರುವ ಹಳಿ ಮೂಲತಃ ಬೆಂಗಳೂರಿಗಾಗಿ ಹಾಕಿದ್ದಲ್ಲ. ಅದು ಮುಂಬಯಿ–ಮದ್ರಾಸ್ ದಾರಿ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಬೆಂಗಳೂರಿಗೆ ಹೋಗುವ ಗಾಡಿಗಳು ಗುಂತಕಲ್‌ನಲ್ಲಿ ಈ ದಾರಿ ಬಿಟ್ಟು ಅನಂತಪುರ, ಧರ್ಮಾವರಂ, ಹಿಂದೂಪುರದ ಕಡೆ ಹೊರಳುತ್ತವೆ. 1980ರ ದಶಕದಲ್ಲಿ ದೊಡ್ಡ ಹಳಿ ಬರುವ ಮೊದಲು ಗುಂತಕಲ್‌ನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಮೀಟರ್ ಗೇಜಿನ ಗಾಡಿ ಹತ್ತಬೇಕಿತ್ತು. ಈಗ ಆ ಕಷ್ಟವಿಲ್ಲ. ಗೊಂದಲ ಶುರುವಾಗುವುದು ದೊಡ್ಡಬಳ್ಳಾಪುರ ದಾಟಿ ಯಲಹಂಕ ಬಂದಾಗ. ಅದರ ಮುಂದೆ ಹಳಿ ಕವಲೊಡೆಯುತ್ತದೆ. ಕೆಲವು ಗಾಡಿಗಳು ಯಶವಂತಪುರಕ್ಕೆ, ಕೆಲವು ಮೆಜೆಸ್ಟಿಕ್ಕಿಗೆ, ಕೆಲವು ಬೈಯಪ್ಪನಹಳ್ಳಿಗೆ.

ಎಲ್ಲ ಗಾಡಿಗಳನ್ನೂ ಒಂದೇ ಕಡೆ ಏಕೆ ಒಯ್ಯುವುದಿಲ್ಲ ಎಂದರೆ, ಜಾಗವಿಲ್ಲ. ಮೆಜೆಸ್ಟಿಕ್ಕಿನ ದೊಡ್ಡ ನಿಲ್ದಾಣದಲ್ಲಿ ಹತ್ತು ಪ್ಲಾಟ್‌ಫಾರಂಗಳಿವೆ, ಸುತ್ತ ನಗರ ಒತ್ತಿಕೊಂಡಿದೆ. ಗಾಡಿಗಳು ಹೆಚ್ಚಿದಂತೆ ಯಶವಂತಪುರವನ್ನು ಬೆಳೆಸಿದರು. ಅದೂ ಸಾಲದೆ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಟ್ಟಿದರು. ಅಲ್ಲಿಂದ 2022ರ ಜೂನ್‌ನಲ್ಲಿ ಗಾಡಿಗಳ ಓಡಾಟ ಆರಂಭವಾಯಿತು.

ಇನ್ನು ಒಂದೊಂದು ಬಾಗಿಲು ಯಾರಿಗೆ ಅನುಕೂಲ ಎನ್ನುವುದು.

ಯಲಹಂಕದಲ್ಲಿ ಇಳಿಯಬೇಕಾದವರು ಹೆಬ್ಬಾಳ, ಯಲಹಂಕ ಉಪನಗರ, ದೇವನಹಳ್ಳಿ ಕಡೆಯವರು. ವಿಮಾನ ನಿಲ್ದಾಣದ ಸುತ್ತಮುತ್ತಲ ಕಟ್ಟಡ ಕೆಲಸಕ್ಕೆ ಹೋಗುವವರಿಗೂ ಇದೇ ಹತ್ತಿರ. ಊರೊಳಗೆ ಹೋಗಿ ಮತ್ತೆ ಹಿಂದಕ್ಕೆ ಬರುವುದು ದಂಡ. ಮೆಜೆಸ್ಟಿಕ್‌ವರೆಗೆ ಟಿಕೆಟ್ ತೆಗೆದವರು ದಾರಿಯಲ್ಲಿ ಯಲಹಂಕದಲ್ಲಿ ಇಳಿಯಬಹುದು. ಯಲಹಂಕದವರೆಗೆ ಮಾತ್ರ ತೆಗೆದು ಮುಂದೆ ಹೋದರೆ ದಂಡ ಕಟ್ಟಬೇಕಾಗುತ್ತದೆ.

ಯಶವಂತಪುರ ಇರುವುದು ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ, ರಾಜಾಜಿನಗರದವರಿಗೆ. ತುಮಕೂರು ರಸ್ತೆಯ ಕಡೆಯಿಂದ ಹೊರಬಿದ್ದರೆ ಮೆಟ್ರೊ ಹತ್ತಿರ. ಸೋಲಾಪುರ–ಹಾಸನ ಎಕ್ಸ್‌ಪ್ರೆಸ್ ಹತ್ತಿದವರು ಇಲ್ಲಿ ಎಚ್ಚರವಾಗಿರಬೇಕು. ಅದು ಮೆಜೆಸ್ಟಿಕ್ಕಿಗೆ ಹೋಗುವುದೇ ಇಲ್ಲ. ಯಶವಂತಪುರದಿಂದ ನೇರ ನೆಲಮಂಗಲ, ಕುಣಿಗಲ್ ದಾರಿ ಹಿಡಿಯುತ್ತದೆ. ನಿದ್ದೆ ಹೋದವರಿಗೆ ಎಚ್ಚರವಾದಾಗ ಶ್ರವಣಬೆಳಗೊಳ ಬಂದಿರುತ್ತದೆ.

ಬೈಯಪ್ಪನಹಳ್ಳಿಯ ಟರ್ಮಿನಲ್ ಕೆ.ಆರ್. ಪುರ, ವೈಟ್‌ಫೀಲ್ಡ್, ಮಾರತಹಳ್ಳಿ, ಬಾಣಸವಾಡಿ, ಇಂದಿರಾನಗರದವರಿಗೆ ಅನುಕೂಲ. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಆರಂಭವಾದದ್ದು ಈ ಟರ್ಮಿನಲ್‌ವರೆಗೇ. ಇಲ್ಲಿ ಹೆಸರುಗಳ ತೊಡಕು ಬೇರೆ. ಬೈಯಪ್ಪನಹಳ್ಳಿ ಎನ್ನುವ ಹಳೆಯ ರೈಲು ನಿಲ್ದಾಣ ಒಂದು, ಮೆಟ್ರೊ ನಿಲ್ದಾಣ ಇನ್ನೊಂದು, ಹೊಸ ಟರ್ಮಿನಲ್ ಮೂರನೆಯದು. ಆಟೊದವರಿಗೆ ಬರೇ ಬೈಯಪ್ಪನಹಳ್ಳಿ ಎನ್ನಬೇಡಿ, ವಿಶ್ವೇಶ್ವರಯ್ಯ ಟರ್ಮಿನಲ್ ಎಂದು ಪೂರ್ತಿ ಹೇಳಿ.

ಉಳಿದದ್ದು ಮೆಜೆಸ್ಟಿಕ್. ಕಾಗದದಲ್ಲಿ ಅದರ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಚಿಕ್ಕದಾಗಿ ಕೆಎಸ್‌ಆರ್ ಬೆಂಗಳೂರು. ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಗೆ ಬರುತ್ತದೆ. ಬಾಗಲಕೋಟೆ–ಮೈಸೂರು ಬಸವ ಎಕ್ಸ್‌ಪ್ರೆಸ್ ಇಲ್ಲಿ ನಿಂತು ಮೈಸೂರಿಗೆ ಮುಂದುವರಿಯುತ್ತದೆ. ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ, ಅಲ್ಲೇ ಹಸಿರು, ನೇರಳೆ ಎರಡೂ ಮೆಟ್ರೊ ಮಾರ್ಗಗಳು ಸೇರುತ್ತವೆ. ಆಸ್ಪತ್ರೆಗೆ ಹೋಗುವವರಿಗೆ, ವಿಧಾನಸೌಧದಲ್ಲಿ ಕೆಲಸ ಇರುವವರಿಗೆ, ಊರು ಹೊಸದಾದವರಿಗೆ ಇದೇ ಸುಲಭ.

ಟಿಕೆಟ್ಟಿನ ಮೇಲೆ, ಮೊಬೈಲಿಗೆ ಬರುವ ಸಂದೇಶದಲ್ಲಿ, ನಿಲ್ದಾಣದ ಗುರುತು ಇಂಗ್ಲಿಷಿನ ಚುಟುಕು ಅಕ್ಷರಗಳಲ್ಲಿ ಇರುತ್ತದೆ. ಎಸ್‌ಬಿಸಿ ಎಂದರೆ ಮೆಜೆಸ್ಟಿಕ್. ವೈಪಿಆರ್ ಯಶವಂತಪುರ. ಎಸ್‌ಎಂವಿಬಿ ವಿಶ್ವೇಶ್ವರಯ್ಯ ಟರ್ಮಿನಲ್. ವೈಎನ್‌ಕೆ ಯಲಹಂಕ. ಯಾದಗಿರಿಯ ಗುರುತು ವೈಜಿ. ಈ ಐದನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ಹೋಗುವಾಗ ಬಾಗಿಲು ತಪ್ಪಿದರೆ ಹೊತ್ತು ಹಾಳು, ಅಷ್ಟೆ. ಊರಿಗೆ ಬರುವಾಗ ತಪ್ಪಿದರೆ ಗಾಡಿಯೇ ಕೈಬಿಡುತ್ತದೆ. ಯುಗಾದಿಗೋ ಜಾತ್ರೆಗೋ ಮಕ್ಕಳನ್ನು ಕರೆದುಕೊಂಡು ಮೆಜೆಸ್ಟಿಕ್ಕಿನಲ್ಲಿ ಕೂತಿರುವಾಗ ಗಾಡಿ ಹೊರಡುವುದು ಬೈಯಪ್ಪನಹಳ್ಳಿಯಿಂದ ಎಂದು ಗೊತ್ತಾದರೆ, ಸಂಜೆಯ ಬೆಂಗಳೂರಿನಲ್ಲಿ ಅಲ್ಲಿಗೆ ಮುಟ್ಟುವುದು ದುಸ್ತರ. ಆದ್ದರಿಂದ ಬರುವ ಟಿಕೆಟ್ಟನ್ನು ಹೋಗುವ ಟಿಕೆಟ್ಟಿಗಿಂತ ಹೆಚ್ಚು ಲಕ್ಷ್ಯಕೊಟ್ಟು ಓದಬೇಕು.

ಇದು ಬೆಂಗಳೂರೊಂದರ ಕಥೆಯಲ್ಲ. ಹೈದರಾಬಾದಿಗೆ ನಾಂಪಲ್ಲಿ, ಸಿಕಂದರಾಬಾದ್, ಕಾಚಿಗುಡ ಇದ್ದವು. 2025ರ ಜನವರಿಯಲ್ಲಿ ಚರ್ಲಪಲ್ಲಿಯ ಹೊಸ ಟರ್ಮಿನಲ್ ಸೇರಿತು. ಮುಂಬಯಿಯ ಗಾಡಿಗಳಲ್ಲಿ ಕೆಲವು ಸಿಎಸ್‌ಎಂಟಿಗೆ, ಕೆಲವು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಲ್‌ಗೆ ಹೋಗುತ್ತವೆ.

ಕಡೆಗೆ ಒಂದು ಮಾತು. ಟಿಕೆಟ್ ತೆಗೆಯುವ ಮೊದಲು ನಾನು ಮುಟ್ಟಬೇಕಾದ ಬಡಾವಣೆ ಯಾವುದು ಎಂದು ಫೋನ್ ಮಾಡಿ ಕೇಳಿಕೊಳ್ಳಿ, ಆಮೇಲೆ ಸ್ಟೇಷನ್ ಆರಿಸಿ. ಹೊರಡುವ ದಿನ ರೈಲ್ವೆಯ 139ಕ್ಕೆ ಕರೆ ಮಾಡಿ ಗಾಡಿ ಎಲ್ಲಿಂದ, ಎಷ್ಟು ಹೊತ್ತಿಗೆ ಎಂದು ಖಾತ್ರಿ ಮಾಡಿಕೊಳ್ಳಿ. ಓದು ಬಾರದ ಹಿರಿಯರು ಒಬ್ಬರೇ ಹೊರಟಿದ್ದರೆ ಇಳಿಯುವ ನಿಲ್ದಾಣದ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಗೆ ಬರೆದು ಅವರ ಕಿಸೆಯಲ್ಲಿಡಿ. ಪಕ್ಕದಲ್ಲಿ ಕೂತವರು ಓದಿ ಹೇಳುತ್ತಾರೆ.