ಸೊಪ್ಪಿನ ಬೆಟ್ಟದ ಅಂಚಿನಲ್ಲಿ ನಿಂತವರು: ಸಿದ್ದಿ ಸಮುದಾಯ, ಮಹಿಳೆ ಮತ್ತು ಅರಣ್ಯ ಹಕ್ಕು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ವರ್ಣಭೇದವೆಂದರೆ ದಕ್ಷಿಣ ಆಫ್ರಿಕಾದ್ದೋ ಅಮೆರಿಕದ್ದೋ ಸಂಗತಿ ಎಂಬ ಭಾವನೆ ಮಲೆನಾಡಿನಲ್ಲಿ ಸಾಮಾನ್ಯವಾಗಿದೆ. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಪ್ರಸಂಗವನ್ನು ಇಲ್ಲಿನ ಪ್ರತಿಯೊಂದು ಮಗುವೂ ಪಾಠವಾಗಿ ಓದುತ್ತದೆ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿದ ಸಿದ್ದಿ ಹೆಣ್ಣುಮಗಳೊಬ್ಬಳು ಪಟ್ಟಣಕ್ಕೆ ಹೋದರೆ, ಅಚ್ಚ ಕನ್ನಡದಲ್ಲಿ ಮಾತನಾಡಿದರೂ, "ನೀನು ಯಾವ ದೇಶದವಳು" ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಗುಂಪೊಂದು ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ನಡೆಸಿತು. ಅದಕ್ಕೆ ಸ್ವಲ್ಪ ಮುನ್ನ ಅಲ್ಲಿ ಬೇರೊಬ್ಬ ಆಫ್ರಿಕನ್ನನ ಕಾರಿನಿಂದ ಅಪಘಾತವಾಗಿತ್ತು. ಆ ಅಪಘಾತಕ್ಕೂ ಆಕೆಗೂ ಮೈಬಣ್ಣದ ಹೊರತು ಬೇರಾವ ಸಂಬಂಧವೂ ಇರಲಿಲ್ಲ. ಅದೇ ಮೈಬಣ್ಣ, ಅದೇ ಗುಂಗುರು ಕೂದಲು ಸಿದ್ದಿಗಳದ್ದೂ ಹೌದು.

ಸಿದ್ದಿಗಳ ಪೂರ್ವಜರು ಪೂರ್ವ ಆಫ್ರಿಕಾದವರು. ಅರಬ್ ವರ್ತಕರ ಮತ್ತು ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಪಶ್ಚಿಮ ಕರಾವಳಿಗೆ ಬಂದವರು. ಅಹಮದ್‌ನಗರದ ರಾಜ್ಯವನ್ನು ಕಾಪಾಡಿ ಮೊಘಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಕೂಡ ಗುಲಾಮನಾಗಿಯೇ ಭಾರತಕ್ಕೆ ಬಂದವನು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹುಪಾಲು ಜನರ ಹಿರಿಯರು ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಆಶ್ರಯಿಸಿದವರು. ಇಂದು ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಸ್ವಾತಂತ್ರ್ಯವನ್ನು ಅರಸಿ ಕಾಡಿಗೆ ಬಂದವರ ಮೊಮ್ಮಕ್ಕಳು ಅದೇ ಕಾಡಿನಲ್ಲಿ "ಅತಿಕ್ರಮಣದಾರ"ರಾದದ್ದು ಹೇಗೆ ಎಂಬುದೇ ಇಂದು ವಿಚಾರ ಮಾಡಬೇಕಾದ ಪ್ರಶ್ನೆ.

ಒಂದೇ ಕಾಡು, ಎರಡು ನ್ಯಾಯ

ಉತ್ತರ ಕನ್ನಡದ ಅಡಿಕೆ ಕೃಷಿಗೆ ಸೊಪ್ಪಿನ ಬೆಟ್ಟವೇ ಉಸಿರು. ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆಯಿತು. ಹಸಿ ಸೊಪ್ಪು, ದರಕು, ಹುಲ್ಲು, ಉರುವಲು ಎಲ್ಲವನ್ನೂ ಅಲ್ಲಿಂದ ತರುವುದು ಕಾನೂನುಬದ್ಧವಾಯಿತು. ಆ ಸವಲತ್ತು ನಿಂತಿದ್ದುದು ತೋಟದ ಒಡೆತನದ ಮೇಲೆ. ಸೊಪ್ಪು ಕಡಿದು ತಲೆಯ ಮೇಲೆ ಹೊತ್ತು ತಂದ ಕೂಲಿಯ ಕುಟುಂಬಕ್ಕೆ ತೋಟವಿರಲಿಲ್ಲ. ಆದ್ದರಿಂದ ಬೆಟ್ಟವೂ ಇರಲಿಲ್ಲ. ಒಬ್ಬನ ಹೊರೆ ಸವಲತ್ತಾಯಿತು, ಇನ್ನೊಬ್ಬಳ ಹೊರೆ ಕಳವಾಯಿತು.

1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಗೇಣಿಯ ಕಾಗದವೂ ಇಲ್ಲದೆ ಮುಂಗಡದ ಸಾಲಕ್ಕೆ ದುಡಿಯುತ್ತಿದ್ದವರಿಗೆ ಅದರಿಂದ ಕೃಷಿಭೂಮಿ ಸಿಗಲಿಲ್ಲ. ಬಳಿಕ 1978ರ ಏಪ್ರಿಲ್ 27ಕ್ಕೆ ಮುಂಚಿನ ಅರಣ್ಯ ಸಾಗುವಳಿಯನ್ನು ಸಕ್ರಮಗೊಳಿಸುವ ಅವಕಾಶ ಬಂದಾಗಲೂ ದಾಖಲೆ ಇದ್ದವನ ಕೈ ಮೇಲಾಯಿತು. ಸಿದ್ದಿಗಳಲ್ಲಿ ಬಹುತೇಕರ ಬಳಿ ಇದ್ದದ್ದು ಬಾವಿ, ಮಸಣ, ಹಿರಿಯರನ್ನು ಪೂಜಿಸುವ ತಾಣ, ನೆಟ್ಟ ಹಲಸಿನ ಮರ, ಕಾಗದವಲ್ಲ.

ಈ ಸಮುದಾಯದ ಬಗೆಗಿನ ಒಲವಿನಲ್ಲಿಯೂ ಬಣ್ಣದ ಲೆಕ್ಕಾಚಾರ ಅಡಗಿತ್ತು. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟಗಾರರನ್ನಾಗಿ ತರಬೇತುಗೊಳಿಸಿತು. ಪ್ರತಿಭಾವಂತರು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಆಫ್ರಿಕಾದ ಮೈಕಟ್ಟು ಎಂಬ ಕಾರಣಕ್ಕೆ ಕರೆದೊಯ್ದವರಿಗೆ ಆ ಮಕ್ಕಳ ಓದು, ಮನೆ, ಜಮೀನು ಅಷ್ಟೇ ಮುಖ್ಯವಾಗಿ ಕಾಣಲಿಲ್ಲ.

ಪರಿಶಿಷ್ಟ ಪಂಗಡದ ಮನ್ನಣೆ ಮತ್ತು ಹೆಣ್ಣುಮಕ್ಕಳು

ದೀರ್ಘ ಹೋರಾಟದ ಫಲವಾಗಿ 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಅದು ವಿಸ್ತರಿಸಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದರು. ಈ ಮನ್ನಣೆಗೆ ಮತದ ಕಟ್ಟಿಲ್ಲವಾದ್ದರಿಂದ ಮೂರೂ ಮತಗಳ ಸಿದ್ದಿಗಳಿಗೆ ಮೀಸಲಾತಿಯೂ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ದೊರೆತವು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು, ಕೇಂದ್ರ ಸರ್ಕಾರ ವಿಶೇಷ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. 2005ರ ತಿದ್ದುಪಡಿಯಿಂದ ಇತರ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ದೊರೆತ ಸಮಪಾಲು ಬುಡಕಟ್ಟಿನ ಹೆಣ್ಣುಮಗಳಿಗೆ ಆ ಕಾಯ್ದೆಯ ಮೂಲಕ ದೊರೆಯದು. ಇದನ್ನು ಸರಿಪಡಿಸಲು ಪರಿಶೀಲಿಸುವಂತೆ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಕೇಂದ್ರಕ್ಕೆ ಹೇಳಿತು. 2025ರ ಜುಲೈನಲ್ಲಿ ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣೆಂಬ ಕಾರಣಕ್ಕೆ ಪಾಲು ನಿರಾಕರಿಸುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತಿತು. ಹೀಗೆ, ಸಮುದಾಯವನ್ನು ಮೇಲೆತ್ತುವ ಪಟ್ಟಿ ತಾನಾಗಿಯೇ ಹೆಣ್ಣನ್ನು ಮೇಲೆತ್ತುವುದಿಲ್ಲ. ಬಣ್ಣದ ಕಾರಣಕ್ಕೆ ಊರಿನಲ್ಲಿ ಪರಕೀಯಳಾದವಳು, ಹೆಣ್ಣೆಂಬ ಕಾರಣಕ್ಕೆ ಮನೆಯ ಜಮೀನಿನಲ್ಲಿಯೂ ಪರಕೀಯಳಾಗಬಹುದು.

ಈ ಹಿನ್ನೆಲೆಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಒಂದು ಸಾಲು ಬಹಳ ಮುಖ್ಯವಾದುದು. ವಿವಾಹಿತರಿಗೆ ನೀಡುವ ಹಕ್ಕುಪತ್ರವು ಪತಿ ಪತ್ನಿ ಇಬ್ಬರ ಹೆಸರಿನಲ್ಲಿಯೂ ಇರತಕ್ಕದ್ದು; ಒಂಟಿ ಮಹಿಳೆಯೇ ಮನೆಯ ಯಜಮಾನಿಯಾಗಿದ್ದರೆ ಅವಳೊಬ್ಬಳ ಹೆಸರಿನಲ್ಲಿಯೇ ಇರತಕ್ಕದ್ದು. ಆ ಭೂಮಿಯನ್ನು ಮಾರುವಂತಿಲ್ಲ, ಅದು ಮಕ್ಕಳಿಗೆ ಸಲ್ಲುತ್ತದೆ. ಗ್ರಾಮದ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. 2012ರ ತಿದ್ದುಪಡಿಯಂತೆ ಗ್ರಾಮಸಭೆಯ ಕೋರಂನಲ್ಲಿಯೂ ಮೂರನೆಯ ಒಂದು ಭಾಗ ಮಹಿಳೆಯರು ಇರಲೇಬೇಕು. ಮಹಿಳೆಯರು ಕೂಲಿಗೆ ಹೋಗಿರುವ ಹೊತ್ತಿನಲ್ಲಿ ಸಭೆ ಕರೆದು, ಅನಂತರ ಮನೆಗೆ ಪುಸ್ತಕ ಕಳುಹಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಗ್ರಾಮಸಭೆಯೆನಿಸದು.

ಕಾಡಿನ ಹಿತಕ್ಕೂ ಇದೇ ದಾರಿ

ಹಕ್ಕು ಕೊಟ್ಟರೆ ಕಾಡು ಹಾಳಾಗುವುದೆಂಬ ಆತಂಕ ಪರಿಸರಪ್ರೇಮಿಗಳಲ್ಲಿಯೂ ಇದೆ. ಉಪ್ಪಾಗೆಯ ಉದಾಹರಣೆಯನ್ನು ನೋಡಬಹುದು. ಬೆಲೆ ಏರಿದಾಗ ಯಾರ ಪಾಲಿಗೂ ಖಚಿತವಾಗಿರದ ಮರದ ಕಾಯಿ ಮಾಗುವವರೆಗೆ ಉಳಿಯುವುದಿಲ್ಲ. ಇಂದು ತಾನು ಕೀಳದಿದ್ದರೆ ನಾಳೆ ಇನ್ನೊಬ್ಬ ಕೀಳುವನೆಂಬ ಭಯಕ್ಕೆ ಎಳೆಗಾಯಿಯೂ ಹೋಗುತ್ತದೆ, ಟೊಂಗೆಯೂ ಹೋಗುತ್ತದೆ. ಮರ ಮುಂದಿನ ವರ್ಷವೂ ತನ್ನದೇ ಎಂಬ ಭರವಸೆಯಿದ್ದವಳು ಉದುರಿದ ಹಣ್ಣಿಗಾಗಿ ಕಾಯುತ್ತಾಳೆ. ಬೀಜವೂ ಕಾಡಿಗೆ ಉಳಿಯುತ್ತದೆ. ಜೇನು, ಮುರುಗಲು, ಅಂಟುವಾಳ, ಶೀಗೆಗಳಿಗೂ ಇದೇ ಮಾತು ಸಲ್ಲುತ್ತದೆ. ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ, ಸಾಮೂಹಿಕ ಅರಣ್ಯವನ್ನು ಕಾಪಾಡುವ ಅಧಿಕಾರವನ್ನೂ ಈ ಕಾಯ್ದೆ ಒಟ್ಟಿಗೇ ನೀಡಿದೆ.

ಗುಜರಾತಿನ ಜಾಂಬೂರಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿಯವರು ತಮ್ಮ ಸಮುದಾಯದ ಮಹಿಳೆಯರನ್ನು ಸಂಘಟಿಸಿ, ಸಾವಯವ ಗೊಬ್ಬರ ತಯಾರಿಕೆಯಿಂದ ಅವರ ಕೈಗೆ ಸ್ವಂತ ಗಳಿಕೆಯನ್ನು ತಂದುಕೊಟ್ಟರು. 2023ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. ಕೌದಿ ಹೊಲಿಯುವ, ಗೊಬ್ಬರದ ಗುಂಡಿ ತುಂಬುವ, ಬೀಜ ಆಯುವ ಕೈಗಳು ಉತ್ತರ ಕನ್ನಡದಲ್ಲಿಯೂ ಬೇಕಾದಷ್ಟಿವೆ. ಆ ಕೈಗಳಿಗೆ ಕೊರತೆಯಾಗಿರುವುದು ಕಾಲೂರಲು ನೆಲ.

ನೆರೆಯವರು ಮಾಡಬಹುದಾದದ್ದು

ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೆ ಹಿಂದಿನ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಸಾಕ್ಷ್ಯವೆಂದರೆ ಸರ್ಕಾರಿ ಕಾಗದ ಮಾತ್ರವಲ್ಲ. ಹಳೆಯ ಬಾವಿ, ಮಸಣ, ಪೂಜಾಸ್ಥಳಗಳೂ ಸಾಕ್ಷ್ಯವೆಂದು ನಿಯಮಗಳು ಹೇಳುತ್ತವೆ. ಅರ್ಜಿದಾರರಲ್ಲದ ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೇ. ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಬಹುದು. 2019ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಿರಸ್ಕೃತರನ್ನು ಒಕ್ಕಲೆಬ್ಬಿಸಲು ಆದೇಶಿಸಿ, ಅದೇ ತಿಂಗಳು ಅದನ್ನು ತಡೆಹಿಡಿದುದನ್ನು ನೆನೆದರೆ ಒಂದು ತಿರಸ್ಕಾರದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಮಲೆನಾಡಿನ ಹಿರಿಯ ತೋಟಿಗರಿಗೆ ತಮ್ಮ ತಂದೆಯ ಕಾಲದಿಂದ ಸೊಪ್ಪು ಹೊತ್ತವರು ಯಾರು, ಅಡಿಕೆ ಸುಲಿದವರು ಯಾರು, ಯಾವ ದಿನ್ನೆಯ ಮೇಲೆ ಯಾರ ಗುಡಿಸಲಿತ್ತು ಎಂಬುದು ಚೆನ್ನಾಗಿ ಗೊತ್ತಿದೆ. ಅದನ್ನು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಅದು ದಾನವಲ್ಲ, ಸತ್ಯಕ್ಕೆ ಸಾಕ್ಷಿ. ವಿದ್ಯಾರ್ಥಿಗಳು ಅರ್ಜಿ ತುಂಬಲು, ಜಾಗದ ನಕಾಶೆ ಮಾಡಲು, ಪತ್ನಿಯ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡಲು ನೆರವಾಗಬಹುದು. ಶಾಲೆಯ ಅಂಗಳದಲ್ಲಿ ಸಿದ್ದಿ ಗೆಳತಿಯ ಕೂದಲನ್ನು ಮುಟ್ಟಿ ನಗುವವರನ್ನು ತಡೆಯುವುದೂ ಇದೇ ಕೆಲಸದ ಭಾಗ. "ನೀನು ಯಾವ ದೇಶದವಳು" ಎಂಬ ಪ್ರಶ್ನೆಗೆ ಅವಳ ಹೆಸರಿರುವ ಹಕ್ಕುಪತ್ರ ಉತ್ತರ ಹೇಳಬೇಕು. ಅದಕ್ಕೆ ಊರು ಸಾಕ್ಷಿ ನಿಲ್ಲಬೇಕು.