ಮರಿಬೆಕ್ಕಿನ ಬಾಯಲ್ಲಿ ಜೊಲ್ಲೇಕೆ?
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಮಾತು ನಮ್ಮ ಕಡೆ ಉಂಟಷ್ಟೆ. ಮುಂಬಯಿಯ ಚಾಳುಗಳಲ್ಲಿ ಆ ಏಳರಲ್ಲೊಂದು ಮನೆ ನಮ್ಮದೇ ಆಗಿರುತ್ತದೆ. ಮಕ್ಕಳು ಮರಿಯನ್ನು ಬಿಡಲೊಲ್ಲರು. ಒಂದು ದಿನ ಅದರ ಬಾಯಿಂದ ಜೊಲ್ಲು ಸುರಿಯಿತೆನ್ನಿ. ‘ಹುಚ್ಚು ಹಿಡಿದಿದೆ, ಹೊರಗೆ ಬಿಸಾಡಿ’ ಎಂದು ಹಿರಿಯರು ಹೇಳುತ್ತಾರೆ, ಮಕ್ಕಳು ಅಳುತ್ತಾರೆ. ಆಗ ಮನೆಯವರು ಮಾಡತಕ್ಕದ್ದೇನು ಎಂಬಷ್ಟನ್ನೇ ಇಂದು ಹೇಳುತ್ತೇನೆ.

ಎಲ್ಲ ಜೊಲ್ಲೂ ರೋಗವಲ್ಲ. ಮರಿ ಮಡಿಲಲ್ಲಿ ಅರೆಗಣ್ಣು ಮುಚ್ಚಿ, ಗುರ್ ಗುರ್ ಎನ್ನುತ್ತ, ಮುಂಗಾಲುಗಳಿಂದ ಸೀರೆಯನ್ನೊತ್ತುವಾಗ ನಾಲ್ಕು ಹನಿ ಬಿದ್ದರೆ ಅದು ಸುಖದ ಗುರುತು. ತಾಯಿಯ ಮೊಲೆಯನ್ನೊತ್ತಿ ಹಾಲು ಕುಡಿದ ಅಭ್ಯಾಸವದು. ಒರೆಸಿಕೊಂಡರಾಯಿತು. ಮೂರೂವರೆ ತಿಂಗಳಿನಿಂದ ಸುಮಾರು ಆರು ತಿಂಗಳವರೆಗೆ 26 ಹಾಲುಹಲ್ಲು ಉದುರಿ 30 ಹಲ್ಲು ಬರುತ್ತವೆ. ಆಗಲೂ ಒಸಡು ನೊಂದು ತುಸು ಹೆಚ್ಚಬಹುದು. ಕಹಿ ಔಷಧ ನಾಲಗೆಗೆ ತಗಲಿದರೆ ನೊರೆಯೇ ಬಂದು, ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ದಾಗ ಹೊಟ್ಟೆ ತೊಳಸಿ ಸುರಿಸುವುದೂ ಉಂಟು.

ಹಾಗಲ್ಲದೆ ಮರಿ ಮೂಲೆ ಹಿಡಿದು ಕೂತು, ಬಟ್ಟಲನ್ನು ಮೂಸಿ, ತಿನ್ನದೆ ಹಿಂದಿರುಗಿದರೆ ಬಾಯಲ್ಲಿ ನೋವಿದೆಯೆಂದು ತಿಳಿಯಬೇಕು. ಬೆಕ್ಕಿನ ನೆಗಡಿಯ ವಿಷಾಣುಗಳು ನಾಲಗೆಯ ಮೇಲೆ ಹುಣ್ಣೆಬ್ಬಿಸುತ್ತವೆ. ಮೀನಿನ ಮುಳ್ಳು ಸಿಕ್ಕಿರಬಹುದು, ಹೊಲಿಗೆಯ ದಾರ ನಾಲಗೆಯಡಿ ಸುತ್ತಿಕೊಂಡಿರಬಹುದು. ದಾರದ ತುದಿ ಕಂಡಿತೆಂದು ದಯವಿಟ್ಟು ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳೇ ಸೀಳೀತು. ಎಳೆಯ ಮರಿ ಒಂದು ದಿನದ ಉಪವಾಸಕ್ಕೇ ನಿತ್ರಾಣವಾಗುವುದರಿಂದ ‘ನಾಳೆ ನೋಡೋಣ’ ಎನ್ನಕೂಡದು.

ನಮ್ಮ ಶುಚಿತ್ವವೇ ಅದಕ್ಕೆ ಮುಳುವಾಗುವುದೂ ಉಂಟು. ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ; ಮರಿ ಆ ಒದ್ದೆಯಲ್ಲಿ ನಡೆದು, ಆಮೇಲೆ ಅಂಗಾಲು ನೆಕ್ಕುತ್ತದೆ. ಇಂಥ ವಿಷವನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಕಥೆಯೂ ಅದೇ. ಮೈ ಬಿಸಿಯಾಗಿದೆಯೆಂದು ಕನಿಕರಪಟ್ಟು ಕೊಟ್ಟ ಅರ್ಧ ಗುಳಿಗೆ ಮರಿಯನ್ನು ಕೊಂದೀತು. ಒಮ್ಮೆಲೇ ಜೊಲ್ಲು ಧಾರೆಯಾಗಿ, ಮೈ ನಡುಗಿ, ಉಸಿರಾಟ ಕಷ್ಟವಾದರೆ, ಪಂಜಗಳಿಗೆ ಏನಾದರೂ ಮೆತ್ತಿದ್ದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಸೀಸೆಯನ್ನೂ ಜೊತೆಗೊಯ್ದು ಪಶುವೈದ್ಯರಲ್ಲಿಗೆ ಧಾವಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ 19ನೆಯ ಶತಮಾನದಷ್ಟು ಹಳೆಯದು. ಮರಿ ಮನೆಗೆ ಬಂದ ದಿನವೇ ಅಲ್ಲಿಗೆ ದಾರಿ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಿರಿಯರ ಭಯ. ಅದು ಅಲ್ಲಗಳೆಯತಕ್ಕದ್ದಲ್ಲ. ಹುಚ್ಚುನಾಯಿ ಕಚ್ಚಿದರೆ ಬೆಕ್ಕಿಗೂ ರೇಬೀಸ್ ಬರುತ್ತದೆ. ಕಾರಣವಿಲ್ಲದೆ ಮೇಲೆರಗುವುದು, ದನಿ ಕೆಡುವುದು, ನುಂಗಲಾರದಿರುವುದು, ಹಿಂಗಾಲು ಸೋಲುವುದು ಜೊಲ್ಲಿನ ಜೊತೆ ಕಂಡರೆ ಮುಟ್ಟಬೇಡಿ. ಒಂದೆಡೆ ಕೂಡಿಹಾಕಿ ವೈದ್ಯರಿಗೆ ತಿಳಿಸಿ. ಬೀದಿಗೆ ಬಿಸಾಡಿದರೆ ಪಕ್ಕದ ಚಾಳಿನ ಮಕ್ಕಳ ಗತಿಯೇನು? ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಗಲಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದೂ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಅಪರೂಪದಲ್ಲಿ ಅಪರೂಪ. ಮರಿಗೆ ಮೂರು ತಿಂಗಳು ತುಂಬುತ್ತಲೇ ರೇಬೀಸ್ ಲಸಿಕೆ ಹಾಕಿಸಿ, ವರ್ಷದ ಮೇಲೆ ಮತ್ತೊಮ್ಮೆ ಹಾಕಿಸಿ.