ಛತ್ರ ಕಟ್ಟಿದವರು, ಪ್ರಸಾದ ಬಡಿಸಿದವರು

(ಉತ್ತರ ಬೆಂಗಳೂರಿನ ಬಸವ ಬಳಗಗಳು ಸೇರಿ ಹಿರಿಯ ದಾಸೋಹಿಗಳನ್ನು ಗೌರವಿಸಿದ ಸಂದರ್ಭದಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ಗೌರವ ಸ್ವೀಕರಿಸುತ್ತಿರುವ ಹಿರಿಯರಲ್ಲಿ ಹೆಚ್ಚಿನವರು ಈ ವೇದಿಕೆ ಹತ್ತಲು ಸುಲಭಕ್ಕೆ ಒಪ್ಪಲಿಲ್ಲ. “ನಾವು ಮಾಡಿದ್ದಾದರೂ ಏನು, ಅಡುಗೆ ಮಾಡಿದೆವು, ಪಾತ್ರೆ ತೊಳೆದೆವು” ಅಂದರು. ಆ ಸಂಕೋಚ ಸುಮ್ಮನೆ ಬಂದದ್ದಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ದಾಸೋಹದಲ್ಲಿ ಕೊಡುವವನೇ ದಾಸ. ಹಾಗಿರುವಾಗ ದಾಸೋಹಿಗೆ ಶಾಲು ಹೊದಿಸಿ ಹಾರ ಹಾಕುವುದು ಬಸವಣ್ಣನವರಿಗೆ ಒಪ್ಪಿಗೆಯಾದೀತೇ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾವು ಸನ್ಮಾನಕ್ಕೆ ಇಳಿಯಬಾರದು.

ಒಬ್ಬ ಹಿರಿಯರನ್ನು ನೆನೆದು ಈ ಮಾತನ್ನು ಮುಂದುವರಿಸುತ್ತೇನೆ. ಗುಬ್ಬಿ ತೋಟದಪ್ಪನವರು 1838ರಲ್ಲಿ ಹುಟ್ಟಿದವರು, ವ್ಯಾಪಾರಸ್ಥರು. ಮಕ್ಕಳಿರಲಿಲ್ಲ. ಬೆಂಗಳೂರಿಗೆ ರೈಲು ಬಂದ ಮೇಲೆ ಊರೂರುಗಳಿಂದ ಜನ ಇಲ್ಲಿ ಬಂದಿಳಿಯುತ್ತಿದ್ದರು. ಗುರುತಿನವರಿಲ್ಲದವರಿಗೆ ರಾತ್ರಿ ತಲೆ ಊರಲು ಜಾಗವಿರಲಿಲ್ಲ. ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಹತ್ತಿರವೇ ಜಾಗ ಕೊಂಡರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿ ಧರ್ಮಛತ್ರವನ್ನು ಉದ್ಘಾಟಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆಯಿತು. ತಮ್ಮ ಗಳಿಕೆಯನ್ನು ಟ್ರಸ್ಟಿಗೆ ಒಪ್ಪಿಸಿ, 1910ರಲ್ಲಿ ಲಿಂಗೈಕ್ಯರಾದರು.

ಗಮನಿಸಬೇಕಾದದ್ದು ಅವರು ಕೊಟ್ಟ ಹಣದ ಮೊತ್ತವನ್ನಲ್ಲ. ಕಷ್ಟ ಎಲ್ಲಿ ಬಂದಿಳಿಯುತ್ತದೋ ಅಲ್ಲೇ ಬಾಗಿಲು ತೆರೆದರಲ್ಲ, ಅದನ್ನು.

ಆ ನಿಲಯದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದವರಲ್ಲಿ ಮಾಗಡಿ ತಾಲ್ಲೂಕು ವೀರಾಪುರದ ಒಬ್ಬ ತರುಣ ಇದ್ದರು. ಅವರೇ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಹೊಣೆ ಹೊತ್ತರು. 2019ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಜಾತಿ ಮತ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಆಶ್ರಯ ಸಿಗುತ್ತಿತ್ತು. ತೋಟದಪ್ಪನವರ ಹೆಸರು ನಮಗೆ ಗೊತ್ತು, ಸ್ವಾಮಿಗಳ ಹೆಸರು ಲೋಕಕ್ಕೇ ಗೊತ್ತು. ಆ ತರುಣನ ತಟ್ಟೆಗೆ ಬೆಳಗ್ಗೆ ಸಂಜೆ ಬಡಿಸಿದವರು ಯಾರು? ಆ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಈ ಸಾಲಿನಲ್ಲಿ ಕುಳಿತಿರುವ ಹಿರಿಯರು ಆ ಹೆಸರಿಲ್ಲದವರ ಬಳಗಕ್ಕೆ ಸೇರಿದವರು. ನನ್ನ ಮಟ್ಟಿಗೆ ಇಂದಿನ ಸನ್ಮಾನಕ್ಕೆ ಇರುವ ಸಮರ್ಥನೆ ಇದೊಂದೇ.

ಈಗ ನಮ್ಮ ಭಾಗಕ್ಕೆ ಬರೋಣ. ಬೀದರ್, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿದ ಎಷ್ಟೋ ಮಕ್ಕಳು ಇವತ್ತು ಇಳಿಯುವುದು ಯಶವಂತಪುರದಲ್ಲಿ. ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿ: ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ರೊಟ್ಟಿ ಗಂಟು, ಪಿ.ಜಿ.ಗೆ ಎಷ್ಟು ಅಡ್ವಾನ್ಸ್ ಕೇಳುತ್ತಾರೋ ಎಂಬ ಭಯ. ಹೆಣ್ಣುಮಕ್ಕಳಾದರೆ ಆ ಭಯ ಇಮ್ಮಡಿ. ಈ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯನ್ನು ಸೇರಿಸಿ ಹೊರಗೆ ಚಾಪೆ ಹಾಸಿಕೊಂಡು ಮಲಗುವವರೂ ನಮ್ಮವರೇ. ತೋಟದಪ್ಪನವರು ಕಂಡ ಕಷ್ಟವೇ ನಿಲ್ದಾಣ ಬದಲಿಸಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಿದೆ.

ನಾವು ಏನು ಕಟ್ಟುತ್ತಿದ್ದೇವೆ? ಕಲ್ಯಾಣ ಮಂಟಪ. ತಪ್ಪೆನ್ನಲಾರೆ, ಅದರ ಬಾಡಿಗೆಯಿಂದ ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳೂ ಇರಬಹುದು. ಆದರೆ ಮುಹೂರ್ತವಿಲ್ಲದ ದಿನ ಆ ಕೋಣೆಗಳಿಗೆ ಬೀಗ. ಆಷಾಢ ಅಶುಭವೆಂದು ನಂಬಬಾರದವರು ನಾವು. ನಮ್ಮ ಮಂಟಪಗಳು ಮಾತ್ರ ಆಷಾಢದಲ್ಲಿ ಖಾಲಿ! ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವರು ಆಯ್ದಕ್ಕಿ ಲಕ್ಕಮ್ಮ. ಆ ತಾಯಿ ನಮ್ಮ ಟ್ರಸ್ಟುಗಳ ಠೇವಣಿ ಪುಸ್ತಕ ತೆರೆದು ನೋಡಿದರೆ ಏನೆಂದಾರು?

ಆದ್ದರಿಂದ ಟ್ರಸ್ಟಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಕೆಲವು ಕೋಣೆಗಳನ್ನಾದರೂ ವರ್ಷವಿಡೀ ತೆರೆದಿಡಿ. ಹೊಸದಾಗಿ ಬಂದ ವಿದ್ಯಾರ್ಥಿಗೆ ಮೊದಲ ತಿಂಗಳು, ರೋಗಿಯ ಕಡೆಯವರಿಗೆ ಆಸ್ಪತ್ರೆ ಬಿಡುವವರೆಗೆ. ಅರ್ಜಿಯಲ್ಲಿ ಜಾತಿ, ಒಳಪಂಗಡದ ಕಾಲಂ ಬೇಡ. ಇವನಾರವ ಎಂದು ಕೇಳುವ ಅರ್ಜಿಯನ್ನು ಬಸವಣ್ಣನವರ ಭಾವಚಿತ್ರದ ಕೆಳಗೆ ಇಟ್ಟುಕೊಂಡು ಕೂರುವುದು ನಾಚಿಕೆಗೇಡು. ಅಡುಗೆಯವರಿಗೂ ಕಾವಲಿನವರಿಗೂ ತಕ್ಕ ಸಂಬಳ, ಮುಪ್ಪಿಗೊಂದು ಆಸರೆ ಇರಲಿ. ಕಾಯಕವೇ ಕೈಲಾಸ ಎಂದು ಹೇಳಿ ಕೂಲಿ ಕಡಿಮೆ ಕೊಡುವುದು ಶರಣರ ದಾರಿಯಲ್ಲ.

ಈ ಹಿರಿಯರಿಗೆ ವಯಸ್ಸಾಗಿದೆ. ನಾಳೆ ಅವರ ಸೌಟು ಹಿಡಿಯುವವರು ಯಾರು ಎಂಬುದು ಇನ್ನೂ ಗೊತ್ತಾಗಿಲ್ಲ. ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದಾರೆ, ಹಣ ಬರೆಯಲಿಕ್ಕಲ್ಲ, ವಾರಕ್ಕೆ ಯಾವ ಹೊತ್ತು ಕೊಡಬಲ್ಲಿರಿ ಎಂದು ಬರೆಯಲಿಕ್ಕೆ. ಇನ್ನು ಪ್ರಸಾದದ ಹೊತ್ತು. ಇವತ್ತು ಈ ಹಿರಿಯರು ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ, ಸಮಿತಿಯವರು ಬಡಿಸುತ್ತಾರೆ. ಅಧ್ಯಕ್ಷರೇ, ಸಾರಿನ ಬಕೆಟ್ಟು ನಿಮ್ಮದು.